ಎಲ್ಲದಕ್ಕೂ ಹೂಂ ಅನ್ನುವ ಸೋಗು

ಮುಧೋಳ ಅಂದರೆ ಹೊರಗಿನವರಿಗೆ ಬೇಟೆ ನಾಯಿ ನೆನಪಾಗುತ್ತದೆ. ನಮಗೆ ಕಬ್ಬು. ಹಂಗಾಮು ಶುರುವಾದರೆ ರಸ್ತೆ ತುಂಬ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹೋಟೆಲ್ ತುಂಬ ಕಾಟಾದ ಮಾತು. ವೇಬ್ರಿಜ್‌ಗೆ ನಮ್ಮ ಕಡೆ ಕಾಟಾ ಅನ್ನುತ್ತಾರೆ. ಅದರ ತೂಕ ಸರಿ ಇದೆಯಾ, ಇಲ್ಲವಾ ಅನ್ನುವ ಜಗಳ ವರ್ಷವೂ ಇದ್ದದ್ದೇ.

2015ರ ಹಂಗಾಮಿನಲ್ಲಿ ಸಂಬಂಧಿಕರೊಬ್ಬರ ಕಾಟಾಕ್ಕೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗಾಡಿ ಕಾಟಾದ ಮೇಲೆ ನಿಂತು ಅಂಕಿ ಅಲುಗಾಡುವುದು ನಿಂತ ಕೂಡಲೇ ರೈತನ ಮೊಬೈಲಿಗೆ ಒಂದು ಮೆಸೇಜ್. ಅಷ್ಟೇ ಕೆಲಸ. ಎರಡನೇ ವಾರಕ್ಕೇ ಕಾಕಾ ಫೋನ್ ಮಾಡಿದರು.

"ಏ ತಮ್ಮಾ, ನಾ ಹಾಕಿದ್ದು ಒಂದ ಲೋಡು. ಮೆಸೇಜ್ ಎರಡು ಬಂದಾವಲ್ಲೋ. ಎರಡರದೂ ರೊಕ್ಕ ಬರತೈತೇನು?"

"ತಡೀರಿ ಕಾಕಾ, ನೋಡ್ತೀನಿ" ಅಂದೆ. ಒಳಗೊಳಗೆ ಮಾತ್ರ, ಮೊಬೈಲ್ ನೆಟ್‌ವರ್ಕಿನದೇ ತಪ್ಪು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಯಾಕಂದರೆ ಮೆಸೇಜ್ ಒಂದೇ ಸಲ ಹೋಗಬೇಕು ಅನ್ನುವುದಕ್ಕೇ ನಾನು ಟೆಸ್ಟ್ ಬರೆದಿದ್ದೆ. ಅದು ಪಾಸಾಗಿತ್ತು. ಹಸಿರು ಅಂದರೆ ಅಪ್ಪಟ ಹಸಿರು.

ಟೆಸ್ಟ್ ಅಂದರೆ ಒಂದು ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆಯೇ ಅಂತ ನೋಡುವ ಇನ್ನೊಂದು ಪ್ರೋಗ್ರಾಂ. ಇವನ್ನು ಬರೆಯಲು ಬೇಕಾದ ಸಾಮಾನುಗಳೆಲ್ಲ ಒಂದೇ ಕಡೆ ಸಿಗುವ ಚೌಕಟ್ಟಿಗೆ ಟೆಸ್ಟಿಂಗ್ ಫ್ರೇಮ್‌ವರ್ಕ್ ಅನ್ನುತ್ತಾರೆ. ನಾನು ಪ್ರೋಗ್ರಾಂ ಬರೆದ ಪೈಥಾನ್ ಭಾಷೆಯ ಜೊತೆಗೇ ಬರುವ ಯುನಿಟ್‌ಟೆಸ್ಟ್ ಅಂಥದ್ದೊಂದು. ಓಪನ್ ಸೋರ್ಸ್. ಅಂದರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಲೂಬಹುದು.

ಆದರೆ ಟೆಸ್ಟ್ ಮಾಡುವಾಗ ಪ್ರತಿ ಸಲ ಟ್ರ್ಯಾಕ್ಟರ್ ತಂದು ನಿಲ್ಲಿಸೋಕೆ ಆಗುತ್ತಾ? ನಿಜವಾದ ಮೆಸೇಜ್ ಕಳಿಸಿದರೆ ದುಡ್ಡು ಬೇರೆ ಖರ್ಚು. ಅದಕ್ಕೇ 2012ರಲ್ಲಿ ಬಂದ ಪೈಥಾನ್ 3.3 ಆವೃತ್ತಿಯಲ್ಲಿ ಯುನಿಟ್‌ಟೆಸ್ಟಿಗೆ 'ಮಾಕ್' ಅನ್ನುವುದೊಂದು ಸೇರಿತು. ಇದನ್ನು ಸೋಗು ಅನ್ನೋಣ. ಬಯಲಾಟದಲ್ಲಿ ನಮ್ಮೂರ ಹುಡುಗನೇ ಕೃಷ್ಣನ ಸೋಗು ಹಾಕಿ ಬರುತ್ತಾನಲ್ಲ, ಹಾಗೆ. ಇದು ಕಾಟಾ ಅಂದರೆ ಕಾಟಾ, ಮೆಸೇಜ್ ಕಳಿಸುವ ಯಂತ್ರ ಅಂದರೆ ಯಂತ್ರ. ಏನು ಕೇಳಿದರೂ ಹೂಂ ಅನ್ನುತ್ತದೆ. 'ತೂಕ ಕೊಡು' ಅಂದರೂ ಹೂಂ, 'ಚಹಾ ಮಾಡು' ಅಂದರೂ ಹೂಂ. ಹಿಂದೆ ಕೇಳಿರದ ಹೆಸರನ್ನು ಕರೆದರೆ ಆ ಹೆಸರಿನ ಇನ್ನೊಂದು ಪುಟ್ಟ ಸೋಗನ್ನು ಅಲ್ಲೇ ಹುಟ್ಟಿಸಿಕೊಡುತ್ತದೆ. ಇದು ಅದರ ದೋಷವಲ್ಲ, ಅದರ ಉಪಯೋಗವೇ ಅದು.

ಆಟ ಮುಗಿದ ಮೇಲೆ ಆ ಸೋಗನ್ನೇ ಸಾಕ್ಷಿಗೆ ಕರೆಯಬೇಕು. ನಿನ್ನನ್ನು ಒಂದೇ ಸಲ ಕರೆದರಾ? ಹಾಗೆ ಕೇಳುವ ಆಜ್ಞೆಗಳು 'ಅಸರ್ಟ್' ಅನ್ನುವ ಪದದಿಂದ ಶುರುವಾಗುತ್ತವೆ. ನಾನು ಬರೆದದ್ದು 'ಅಸರ್ಟ್ ಕಾಲ್ಡ್ ಒನ್ಸ್'. ಆ ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3.4. ಅದರಲ್ಲಿ 'ಅಸರ್ಟ್ ಕಾಲ್ಡ್ ಒನ್ಸ್ ವಿತ್' ಅಂತ ಒಂದು ಆಜ್ಞೆ ಇತ್ತು. 'ವಿತ್' ಇಲ್ಲದ ನನ್ನ ಆಜ್ಞೆ ಇರಲೇ ಇಲ್ಲ!

ಇಲ್ಲದ ಆಜ್ಞೆ ಕೊಟ್ಟರೆ ಯಾವ ಯಂತ್ರವಾದರೂ ತಕರಾರು ಮಾಡಬೇಕು ಅಲ್ವಾ? ಆದರೆ ನಾನು ಕೇಳಿದ್ದು ಸೋಗನ್ನು. ಅದಕ್ಕೆ ನನ್ನ ಪ್ರಶ್ನೆಯೂ 'ಚಹಾ ಮಾಡು' ಅಂದ ಹಾಗೆ ಇನ್ನೊಂದು ಹೊಸ ಹೆಸರು, ಅಷ್ಟೇ. ಹೂಂ ಅಂತು. ತಕರಾರು ಬರಲಿಲ್ಲವಾದ್ದರಿಂದ ಟೆಸ್ಟ್ ಪಾಸ್. ಮೆಸೇಜ್ ಎರಡಲ್ಲ, ಇನ್ನೂರು ಹೋಗಿದ್ದರೂ ಪಾಸ್. ಸೋಗಿಗೆ ಮೊದಲೇ 'ಸ್ಪೆಕ್' ಅಂತ ಒಂದು ಪಟ್ಟಿ ಕೊಟ್ಟು, ಇಷ್ಟಕ್ಕೆ ಮಾತ್ರ ಹೂಂ ಅನ್ನು ಅಂತ ಕಟ್ಟಿಹಾಕಬಹುದಿತ್ತು. ಸೋಮಾರಿ ನಾನು, ಕಟ್ಟಿರಲಿಲ್ಲ.

ಈ ಗುಂಡಿಗೆ ಬಿದ್ದವನು ನಾನೊಬ್ಬನೇ ಅಲ್ಲ ಅಂತ ಗೊತ್ತಾಗಿದ್ದು ಪೈಥಾನ್ 3.5 ಹಾಕಿಕೊಂಡ ಮೇಲೆ. ಅದು 2015ರ ಸೆಪ್ಟೆಂಬರಿನಲ್ಲೇ ಬಂದಿತ್ತು. ಅದರಲ್ಲಿ ಕುಶಾಲ್ ದಾಸ್ ಅವರು ಬರೆದ ಒಂದು ತಿದ್ದುಪಡಿ ಇತ್ತು. 'ಅಸರ್ಟ್' ಅಂತ ಶುರುವಾಗುವ, ಆದರೆ ನಿಜಕ್ಕೂ ಇಲ್ಲದ ಹೆಸರನ್ನು ಕರೆದರೆ ಇನ್ನು ಮುಂದೆ ಸೋಗು ಹೂಂ ಅನ್ನುವುದಿಲ್ಲ. 'ಅಂಥ ಹೆಸರಿಲ್ಲ' ಅಂತ ಅಲ್ಲೇ ನಿಲ್ಲಿಸುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಇದರ ಬಾಲ. ಬೆರಳು ಅವಸರಕ್ಕೆ ಬಿದ್ದರೆ 'ಅಸರ್ಟ್' ಅನ್ನುವುದು 'ಅಸ್ರೆಟ್' ಆಗಿಬಿಡುತ್ತದೆ, ಇಂಗ್ಲಿಷಿನ ಎರಡು ಅಕ್ಷರ ಅದಲು ಬದಲಾಗಿ. ಆ ತಪ್ಪು ಕಾಗುಣಿತವನ್ನೂ ತಡೆಯುವ ಪಟ್ಟಿಗೆ ಸೇರಿಸಿದರು! ಮುಂದೆ ಇನ್ನೂ ಮೂರು ತಪ್ಪು ಕಾಗುಣಿತಗಳು ಸೇರಿದವು. ಪ್ರಪಂಚದ ತುಂಬ ಬಳಕೆಯಲ್ಲಿರುವ ಭಾಷೆಯೊಂದರ ಒಳಗೆ ಜನರ ಬೆರಳಿನ ತಪ್ಪುಗಳನ್ನು ಸಾಲಾಗಿ ಬರೆದಿಟ್ಟಿದ್ದಾರೆ. ಇದು ಚಂದದ ಕೆಲಸ ಅಲ್ಲ ಅನ್ನುವವರಿದ್ದಾರೆ. ನನಗಂತೂ ಪರಿಚಯದ ಮೇಷ್ಟ್ರು ಕಿವಿ ಹಿಂಡಿದ ಹಾಗಾಯಿತು.

3.5 ಹಾಕಿ ಓಡಿಸಿದರೆ ನನ್ನ 11 ಟೆಸ್ಟುಗಳಲ್ಲಿ 3 ಕೆಂಪು, ಅಂದರೆ ಫೇಲ್. ನಿನ್ನೆವರೆಗೆ ಎಲ್ಲ ಚೆನ್ನಾಗಿತ್ತು, ಈ ಅಪ್‌ಡೇಟ್ ಕೆಡಿಸಿತು ಅಂತ ಮೊದಲು ಸಿಟ್ಟೇ ಬಂತು. ಆಮೇಲೆ ಆ ಇಲ್ಲದ ಆಜ್ಞೆ ತೆಗೆದು, ಎಷ್ಟು ಸಲ ಕರೆದರು ಅನ್ನುವ ಲೆಕ್ಕವನ್ನೇ ಸೋಗಿನಿಂದ ತೆಗೆಸಿದೆ. 2 ಅಂತು. ಟೆಸ್ಟ್ ಮತ್ತೆ ಕೆಂಪು. ಈ ಸಲದ ಕೆಂಪು ಕಾಕಾನ ಮೊಬೈಲಿನಲ್ಲಿ ಆಗಲೇ ಕೂತಿತ್ತು. ('ವಿತ್' ಇಲ್ಲದ ಆ ಆಜ್ಞೆಯನ್ನು ಮುಂದಿನ 3.6ರಲ್ಲಿ ನಿಜವಾಗಿಯೇ ಸೇರಿಸಿದರು. ಎಲ್ಲರೂ ಅದನ್ನೇ ಬರೆಯುತ್ತಿದ್ದರೆ ಇನ್ನೇನು ಮಾಡ್ತಾರೆ.)

ಮೆಸೇಜ್ ಎರಡಾದದ್ದು ಯಾಕೆ ಗೊತ್ತಾ? ಕಾಟಾದ ಹಾಸಿನ ಕೆಳಗೆ ಲೋಡ್ ಸೆಲ್‌ಗಳಿರುತ್ತವೆ. ಭಾರ ಬಿದ್ದಾಗ ಅವುಗಳ ಲೋಹ ತುಸುವೇ ತುಸು ಬಾಗುತ್ತದೆ. ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ತಡೆ ಅಷ್ಟರಲ್ಲೇ ಬದಲಾಗುತ್ತದೆ. ಆ ಬದಲಾವಣೆಯೇ ಪರದೆಯ ಮೇಲಿನ ಅಂಕಿ. ಗಾಡಿ ನಿಂತಿತು, ಅಂಕಿ ನಿಂತಿತು, ಮೆಸೇಜ್ ಹೋಯಿತು. ಆಮೇಲೆ ಡ್ರೈವರ್ ಚೀಟಿ ತರಲು ಕೆಳಗೆ ಜಿಗಿದ. ಅವನ ಅರವತ್ತು ಎಪ್ಪತ್ತು ಕಿಲೋ ಇಳಿದದ್ದಕ್ಕೆ ಅಂಕಿ ಅಲುಗಾಡಿ ಮತ್ತೆ ನಿಂತಿತು. ಮತ್ತೊಂದು ಮೆಸೇಜ್. ಕಾಟಾ ಸೊನ್ನೆಗೆ ಬರುವವರೆಗೆ ಎರಡನೆಯದು ಹೋಗಬಾರದು ಅಂತ ಒಂದೇ ಸಾಲು ಸೇರಿಸಿದೆ. ಟೆಸ್ಟ್ ಹಸಿರಾಯಿತು.

ಈ ಹಸಿರನ್ನೂ ಸುಮ್ನೆ ನಂಬಲಿಲ್ಲ. ಆ ಸಾಲನ್ನು ಬೇಕಂತಲೇ ಅಳಿಸಿ ಓಡಿಸಿದೆ, ಕೆಂಪಾಯಿತು. ವಾಪಸ್ ಹಾಕಿದೆ, ಹಸಿರು. ಈಗಲೂ ಪ್ರತಿ ಹೊಸ ಟೆಸ್ಟಿಗೆ ಇದನ್ನೇ ಮಾಡುತ್ತೇನೆ.

ಕಾಕಾನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವರು ಅರ್ಧಕ್ಕೇ ತಡೆದರು. ಯಾವ ಕಾಟಾಕ್ಕೆ ಹೋದರೂ ಅವರು ನೋಡುವುದು ಖಾಲಿ ಗಾಡಿಯ ಅಂಕಿಯನ್ನಂತೆ. "ಕಬ್ಬಿನ ತೂಕ ನನಗೇನ ಗೊತ್ತು? ಖಾಲಿ ಗಾಡಿದು ಬಾಯಾಗ ಐತಿ. ಅದರಾಗ ಹತ್ತ ಕಿಲೋ ಹೆಚ್ಚುಕಡಿಮಿ ಬಂದ್ರ ಅಲ್ಲೇ ಇಳದು ಜಗಳಾ ತಗೀತೀನಿ."