ಹುಳುವಿಲ್ಲದ ಹುಳುಕು

ಮಂಡ್ಯದ ಕಡೆ ಕಬ್ಬು ಅರೆಯುವ ದಿನಗಳಲ್ಲಿ ಆಲೆಮನೆ ಕಣ್ಣಿಗೆ ಬೀಳುವ ಮೊದಲೇ ಕೊಪ್ಪರಿಗೆಯ ಪಾಕದ ವಾಸನೆ ಮೂಗಿಗೆ ಬಡಿಯುತ್ತದೆ. ಕಳೆದ ಸಂಕ್ರಾಂತಿಗೆ ಮುಂಚೆ ಪಾಂಡವಪುರದ ಹತ್ತಿರ ಅಂಥದೊಂದು ಆಲೆಮನೆಗೆ ಬೆಲ್ಲ ತರಲು ಹೋಗಿದ್ದೆ. ಅಜ್ಜಿಯೊಬ್ಬರ ಸೊಂಟದ ಮೇಲೆ ಕುಳಿತಿದ್ದ ಎರಡು ವರ್ಷದ ಹುಡುಗ ಬೆಲ್ಲದ ಚೂರು ಚೀಪುತ್ತಾ ನನ್ನತ್ತ ನೋಡಿ ನಕ್ಕ. ಮೇಲಿನ ನಾಲ್ಕು ಬಾಚಿಹಲ್ಲುಗಳು ವಸಡಿನ ಬುಡದಲ್ಲಿ ಕಂದಾಗಿ ಸವೆದುಹೋಗಿದ್ದವು. ಕೆಳಗಿನವು ಮಾತ್ರ ಆಗತಾನೇ ಸುಲಿದ ಬೆಳ್ಳುಳ್ಳಿ ಎಸಳಿನಂತೆ ಬೆಳ್ಳಗಿದ್ದವು.

‘ಹುಳ ತಿಂದಿದೆ. ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತದೆ’ ಎಂದರು ಅಜ್ಜಿ.

ಆ ಹುಳು ನಮ್ಮ ಮಾತಿನಲ್ಲೇ ಮನೆಮಾಡಿಕೊಂಡಿದೆ; ಹುಳುಕುಹಲ್ಲು ಎಂದಲ್ಲವೇ ನಾವು ಕರೆಯುವುದು? ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಎಷ್ಟೋ ದೇಶಗಳಲ್ಲಿ ಸಾವಿರಾರು ವರ್ಷ ಬಾಳಿತು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೊಶಾರ್, ತಾನು ಹುಡುಕಿದರೂ ಅಂಥ ಹುಳು ಸಿಗಲಿಲ್ಲವೆಂದು ಬರೆದ. 1890ರ ಹೊತ್ತಿಗೆ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್, ಬಾಯಿಯ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ ಎಂದು ತೋರಿಸಿದ. ಕೊರೆತವಲ್ಲ, ಕರಗುವಿಕೆ. ಬಾಯಿಯ ಆಮ್ಲೀಯತೆ ಹೆಚ್ಚಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕಳಚಿಕೊಳ್ಳುತ್ತವೆ. ಆಮೇಲೆ ಎಂಜಲು ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಅಷ್ಟಷ್ಟೇ ಮರಳಿ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಆದ್ದರಿಂದ ಎಷ್ಟು ಸಿಹಿ ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದನ್ನೇ ನಾನು ಮೊದಲು ಕೇಳುತ್ತೇನೆ. ಹಬ್ಬದ ದಿನ ಊಟದ ಜೊತೆಗೆ ಎಳ್ಳುಬೆಲ್ಲ ತಿಂದ ಮಗುವಿನ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವಿದೆ. ಬೆಳಗಿನಿಂದ ಸಂಜೆಯವರೆಗೆ ಆಗಾಗ ಚೂರು ಬೆಲ್ಲ, ಒಂದು ಬಿಸ್ಕತ್ತು, ಒಂದು ಗುಟುಕು ಜ್ಯೂಸ್ ಎಂದು ಕೊಡುತ್ತಿದ್ದರೆ ಆ ಬಿಡುವೇ ಇಲ್ಲ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಮನೆಮನೆಯದು. ಹಲ್ಲಿನ ಮಟ್ಟಿಗೆ ಅದು ನಿಜವಲ್ಲ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ, ಜೊತೆಗೆ ಅದು ಅಂಟು.

ಆದರೂ ಆ ಹುಡುಗನ ಹಲ್ಲು ಹಾಳಾದದ್ದು ಕೈಯಲ್ಲಿದ್ದ ಬೆಲ್ಲದಿಂದ ಎಂದು ನನಗೆ ಅನ್ನಿಸಲಿಲ್ಲ. ಮೇಲಿನವು ಸವೆದು ಕೆಳಗಿನವು ಉಳಿದಿದ್ದವಲ್ಲ, ಅದೇ ಸುಳಿವು. ಮಗು ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಬಾಚಿಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ. ಎಂಜಲಿನ ಗ್ರಂಥಿಗಳೂ ಅಲ್ಲೇ ಹತ್ತಿರ ಬಾಯಿ ತೆರೆಯುತ್ತವೆ. ಮೇಲಿನವಕ್ಕೆ ಈ ಕಾವಲಿಲ್ಲ. ರಾತ್ರಿ ಹೇಗೆ ಮಲಗುತ್ತಾನೆ ಎಂದು ಕೇಳಿದೆ. ಹಾಲಿಗೆ ಬೆಲ್ಲ ಕರಗಿಸಿ ಬಾಟಲಿ ಬಾಯಿಗಿಟ್ಟರೆ ಹಾಗೆಯೇ ನಿದ್ದೆ ಹೋಗುತ್ತಾನಂತೆ. ನಿದ್ದೆಯಲ್ಲಿ ಎಂಜಲು ಊರುವುದು ತೀರಾ ಕಡಿಮೆ. ಸಿಹಿಹಾಲು ಹಲ್ಲಿನ ಬುಡದಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ. ಹಿಂದೆ ಒಳಲೆಯಲ್ಲಿ ಕುಡಿಸುತ್ತಿದ್ದಾಗ ಕಡೇ ಪಕ್ಷ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಡಿಸಿ ಮುಗಿಸಬೇಕಿತ್ತು, ಬಾಯಲ್ಲೇ ಬಿಟ್ಟು ಏಳುವಂತಿರಲಿಲ್ಲ.

ಇನ್ನು ‘ಹೇಗೂ ಬಿದ್ದುಹೋಗುತ್ತದೆ’ ಎಂಬ ಮಾತು. ನನಗೆ ಸಂಕಟವಾಗುವುದು ಇದನ್ನು ಕೇಳಿದಾಗಲೇ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು. ಅಗಿಯುವುದಕ್ಕೂ ಅವೇ, ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುವುದಕ್ಕೂ ಅವೇ. ಬೇಗ ಕಿತ್ತರೆ ಅಕ್ಕಪಕ್ಕದವು ವಾಲಿಕೊಂಡು, ಹೊಸದು ಸೊಟ್ಟಗೆ ಹುಟ್ಟಬಹುದು. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ಬಹಳ ತೆಳು. ಹುಳುಕು ಬೇಗನೆ ನರ ಮುಟ್ಟುತ್ತದೆ. ಆಮೇಲೆ ಕೀವು, ಜ್ವರ, ನಿದ್ದೆಯಿಲ್ಲದ ರಾತ್ರಿಗಳು. ಇನ್ನೊಂದು ವಿಷಯ ಅನೇಕರಿಗೆ ತಿಳಿದಿರುವುದಿಲ್ಲ: ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾಗಲು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಹುಳುಕು ಕಪ್ಪಾಗಿ ಶುರುವಾಗುವುದಿಲ್ಲ. ಬೆಳಕಿನಲ್ಲಿ ಮಗುವಿನ ಮೇಲ್ದುಟಿ ಎತ್ತಿ ನೋಡಿದರೆ ವಸಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಎಳೆದಂತೆ ಹೊಳಪಿಲ್ಲದ ಬಿಳಿ ಗೆರೆ ಕಾಣಬಹುದು. ಖನಿಜ ಕಳೆದುಹೋದ ಜಾಗ ಅದು, ಆದರೆ ಇನ್ನೂ ಗುಳಿ ಬಿದ್ದಿರುವುದಿಲ್ಲ. ಈ ಹಂತದಲ್ಲಿ ರಾತ್ರಿ ಬಾಟಲಿ ಬಿಡಿಸಿ, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಿ, ವೈದ್ಯರು ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿದರೆ ಎಷ್ಟೋ ಸಲ ಕೆಡುಕು ಅಲ್ಲಿಗೇ ನಿಲ್ಲುತ್ತದೆ. ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಬೇಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ಆಮೇಲೆ ಬಟಾಣಿಯಷ್ಟು. ಕುಡಿಯುವ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಇದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಏಳೆಂಟು ವರ್ಷದವರೆಗೆ ಉಜ್ಜುವ ಕೈ ದೊಡ್ಡವರದೇ ಆಗಿರಲಿ.

ವೈದ್ಯರ ಬಳಿ ಮೊದಲ ಸಲ ಹೋಗಬೇಕಾದದ್ದು ಮಗುವಿಗೆ ವರ್ಷ ತುಂಬುವುದರೊಳಗೆ. ಅಷ್ಟು ಪುಟ್ಟ ಮಗು ಬಾಯಿ ತೆರೆಯುವುದುಂಟೇ ಎಂದು ಆ ಅಜ್ಜಿಯೂ ಕೇಳಿದರು. ಮೈಸೂರಿನಲ್ಲಿ ನನ್ನ ತಂಗಿಯ ಮಗಳಿಗೆ ಹನ್ನೊಂದು ತಿಂಗಳಾದಾಗ ನೋಡಿದ್ದನ್ನು ಹೇಳಿದೆ. ದಂತವೈದ್ಯೆ, ತಂಗಿ ಎದುರುಬದುರು ಮಂಡಿಗೆ ಮಂಡಿ ತಾಗಿಸಿ ಕುಳಿತರು. ಮಗುವಿನ ಕಾಲುಗಳು ತಾಯಿಯ ಸೊಂಟದ ಎರಡೂ ಬದಿಗೆ, ತಲೆ ವೈದ್ಯೆಯ ತೊಡೆಯ ಮೇಲೆ. ಅಮ್ಮನ ಮುಖ ಕಾಣುತ್ತಿದ್ದರೂ ಅವಳು ಗಟ್ಟಿಯಾಗಿ ಅತ್ತಳು. ಅತ್ತಾಗ ಬಾಯಿ ತಾನಾಗಿಯೇ ಅಗಲವಾಗಿ ತೆರೆಯಿತು. ಒಂದೆರಡು ನಿಮಿಷದಲ್ಲಿ ಆರು ಹಲ್ಲುಗಳನ್ನೂ ನೋಡಿ ಮುಗಿದಿತ್ತು.

ಅಜ್ಜಿ ಮೊಮ್ಮಗನ ಕೈಯಿಂದ ಬೆಲ್ಲದ ಚೂರನ್ನು ಮೆಲ್ಲಗೆ ಬಿಡಿಸಿಕೊಂಡು, ತಮ್ಮ ಒರಟು ಹೆಬ್ಬೆರಳಿನಿಂದ ಅವನ ಮೇಲ್ದುಟಿ ಎತ್ತಿ ಕೊಪ್ಪರಿಗೆಯ ಬೆಂಕಿಯ ಬೆಳಕಿಗೆ ತಿರುಗಿಸಿದರು.