ಕಾಫಿ ಹಡಗೇರಿದ ಮೇಲೆ ಬಡ್ಡಿಯ ಲೆಕ್ಕ

ಸಕಲೇಶಪುರದ ಬೆಳೆಗಾರರಿಗೆ ಕಾಫಿ ತೂಗಿಕೊಟ್ಟ ಕೆಲವೇ ದಿನಗಳಲ್ಲಿ ರೂಪಾಯಿ ಕೈಸೇರಬೇಕು. ಇಟಲಿಯ ಖರೀದಿದಾರರು ಡಾಲರ್ ಕಳಿಸುವುದು ಬಹುಮಟ್ಟಿಗೆ ಹಡಗು ಅಲ್ಲಿನ ಬಂದರು ಮುಟ್ಟುವ ಹೊತ್ತಿಗೆ. ಈ ನಡುವಿನ ವಾರಗಳ ಭಾರವನ್ನು ಯಾರು, ಯಾವ ಬಡ್ಡಿಗೆ ಹೊರುತ್ತಾರೆ ಎಂಬುದು ಇತ್ಯರ್ಥವಾಗದೆ ಯಾವ ರಫ್ತೂ ಮುಂದೆ ಸಾಗುವುದಿಲ್ಲ.

ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದಗೊಳಿಸುವುದು), ಗ್ರೇಡಿಂಗ್, ಚೀಲ ತುಂಬುವ ಖರ್ಚಿಗೆ ರಫ್ತುದಾರರು ಪ್ಯಾಕಿಂಗ್ ಕ್ರೆಡಿಟ್, ಅಂದರೆ ಸರಕು ಹಡಗೇರುವ ಮೊದಲೇ ಬ್ಯಾಂಕು ಕೊಡುವ ಸಾಲ, ಪಡೆಯುತ್ತಾರೆ. ಅದನ್ನು ಡಾಲರ್‌ನಲ್ಲೂ ಪಡೆಯಬಹುದು. ಬರುವ ಆದಾಯವೂ ಡಾಲರೇ ಆದ್ದರಿಂದ ಆ ಮೊತ್ತದ ಮಟ್ಟಿಗೆ ವಿನಿಮಯ ದರದ ಆತಂಕವಿರದು. ಆದರೆ ಡಾಲರ್ ಬಡ್ಡಿ ಅಗ್ಗವೆಂದು ಹಿಗ್ಗುವವರು, ಸಾಲ ಪಡೆದ ದಿನವೇ ಡಾಲರ್ ಮಾರಿ ರೂಪಾಯಿ ಮಾಡಿಕೊಂಡಿರುವುದರಿಂದ, ಮುಂದೆ ಬರುವ ಡಾಲರಿಗೆ ಇಂದೇ ದರ ಗೊತ್ತುಮಾಡಿಕೊಳ್ಳುವ ಮುಂಗಡ ಮಾರಾಟದಲ್ಲಿ ಸಿಗಬಹುದಾಗಿದ್ದ ಪ್ರೀಮಿಯಂ (ಇಂದಿನ ದರಕ್ಕಿಂತ ಹೆಚ್ಚಿಗೆ ಸಿಗುವ ಮೊತ್ತ) ಕೈತಪ್ಪಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ) ಎಂಬ ಬ್ಯಾಂಕ್ ಭರವಸೆ ಪತ್ರ ಇದ್ದರೆ ಖರೀದಿದಾರರ ಬ್ಯಾಂಕೇ ಹಣಕ್ಕೆ ಹೊಣೆ. ಆದರೆ ಎಲ್‌ಸಿಗಳಿಗೆ ಅನ್ವಯಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯಂತೆ ಬ್ಯಾಂಕು ನೋಡುವುದು ದಾಖಲೆಗಳನ್ನು, ಸರಕನ್ನಲ್ಲ. ಎಲ್‌ಸಿಯಲ್ಲಿ ‘ರೋಬಸ್ಟಾ ಚೆರ್ರಿ ಎಬಿ’ ಎಂದಿದ್ದು ಇನ್‌ವಾಯ್ಸ್‌ನಲ್ಲಿ ‘ರೋಬಸ್ಟಾ ಪಾರ್ಚ್‌ಮೆಂಟ್ ಎಬಿ’ ಎಂದು, ಅಂದರೆ ಬೇರೆಯೇ ಬಗೆಯ ಕಾಫಿಯ ಹೆಸರು, ಟೈಪಾಗಿದ್ದರೆ, ಕಂಟೇನರ್‌ನೊಳಗಿನ ಕಾಫಿ ಎಷ್ಟೇ ಉತ್ತಮವಾಗಿರಲಿ, ದಾಖಲೆ ಕೈಸೇರಿದ ಮರುದಿನದಿಂದ ಐದು ಬ್ಯಾಂಕಿಂಗ್ ದಿನಗಳೊಳಗೆ ಆ ಬ್ಯಾಂಕು ಪಾವತಿಯನ್ನು ನಿರಾಕರಿಸಬಹುದು. ಅಂತರರಾಷ್ಟ್ರೀಯ ಬೆಲೆ ಕುಸಿದಿರುವಾಗ ಇಂಥ ತಪ್ಪುಗಳು ಖರೀದಿದಾರರ ಕಣ್ಣಿಗೆ ಬೇಗ ಬೀಳುತ್ತವೆ ಎಂಬುದು ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತು.

ಸರಕು ಸಾಗುವ ದಾರಿ ಬದಲಾದರೆ ಹಣದ ಬೆಲೆಯೂ ಬದಲಾಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಆರಂಭವಾದ ಮೇಲೆ ಅನೇಕ ಹಡಗುಗಳು ಸೂಯೆಜ್ ಬಿಟ್ಟು ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪಿಗೆ ಹೋಗತೊಡಗಿದವು. ಪ್ರಯಾಣ 12 ದಿನ ಹೆಚ್ಚಿತೆಂದು ಇಟ್ಟುಕೊಂಡರೂ, ಒಂದು ಕೋಟಿ ರೂಪಾಯಿಯ ಸರಕಿಗೆ ಶೇ 9ರ ದರದಲ್ಲಿ ಬಡ್ಡಿ ಸುಮಾರು 30 ಸಾವಿರ ರೂಪಾಯಿ ಹೆಚ್ಚಾಗುತ್ತದೆ. ಸಾಗಣೆ ಬಾಡಿಗೆ, ವಿಮೆಗಳ ಏರಿಕೆ ಬೇರೆ. ಬಡ್ಡಿಯನ್ನಾದರೂ ಹೊಸ ಒಪ್ಪಂದದ ಬೆಲೆಯಲ್ಲಿ ಸೇರಿಸಿಕೊಳ್ಳಬಹುದು; ಹೆಚ್ಚು ತೊಡಕಾಗುವುದು ಸಾಲದ ಮಿತಿ. ಹಳೆಯ ಬಿಲ್ಲಿನ ಹಣ ಬಾರದೆ ಆ ಮಿತಿಯಲ್ಲಿ ಹೊಸ ಸಾಲಕ್ಕೆ ಜಾಗ ತೆರವಾಗುವುದಿಲ್ಲ, ಹಾಗಾಗಿ ಒಳ್ಳೆಯ ಬೆಲೆಯ ಆರ್ಡರ್ ಕೈಯಲ್ಲಿದ್ದರೂ ಮಧ್ಯಮ ಗಾತ್ರದ ರಫ್ತುದಾರರು ಕೊಯ್ಲಿನ ಭರಾಟೆಯಲ್ಲೇ ಖರೀದಿ ನಿಲ್ಲಿಸಬೇಕಾಗುತ್ತದೆ.