ಊರೇ ದುಃಖದಲ್ಲಿರುವಾಗ ಕಾದಂಬರಿ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ದೊಡ್ಡ ದುರಂತ ನಡೆದಾಗ ಜನ ಲೈಬ್ರರಿಯಲ್ಲಿ ಸೇರಿ ಪುಸ್ತಕ ಚರ್ಚೆ ಮಾಡುತ್ತಾರಂತೆ. ಅಂಥ ಹೊತ್ತಲ್ಲಿ ಕಾದಂಬರಿ ಹಿಡಿದು ಕೂತರೆ ಏನು ಪ್ರಯೋಜನ? ನಡೆದದ್ದರ ಬಗ್ಗೆಯೇ ಮಾತಾಡಬಹುದಲ್ವಾ?

ಉತ್ತರ: ಮಾತಾಡಬಹುದು. ಆದರೆ ಹತ್ತು ನಿಮಿಷಕ್ಕೆ 'ತಪ್ಪು ಯಾರದು' ಅಂತ ಜಗಳ ಶುರುವಾಗುತ್ತದೆ. ಟಿವಿ ಚರ್ಚೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಜವಾಗಿ ನೊಂದವರು ಮಾತ್ರ ಬಾಯಿ ಬಿಡುವುದೇ ಇಲ್ಲ. ಮಧ್ಯೆ ಒಂದು ಪುಸ್ತಕ ಇದ್ದರೆ ಮಾತು ಪಾತ್ರಗಳ ಮೇಲೆ ತಿರುಗುತ್ತದೆ. 'ಆ ಅಪ್ಪ ಹಾಗೆ ಮಾಡಬಾರದಿತ್ತು' ಅನ್ನುವವರು ಎಷ್ಟೋ ಸಲ ತಮ್ಮದೇ ಸಂಕಟ ಹೇಳಿಕೊಳ್ಳುತ್ತಿರುತ್ತಾರೆ.

ಇಡೀ ಊರು ಒಂದೇ ಪುಸ್ತಕ ಓದಿ ಚರ್ಚಿಸುವ ಪದ್ಧತಿ ಶುರುವಾಗಿದ್ದು 1998ರಲ್ಲಿ, ಸಿಯಾಟಲ್ ಲೈಬ್ರರಿಯಲ್ಲಿ. ಅದರ ಹಿಂದೆ ಇದ್ದವರು ಗ್ರಂಥಪಾಲಕಿ ನ್ಯಾನ್ಸಿ ಪರ್ಲ್. ಮೊದಲು ಆರಿಸಿದ್ದು ರಸೆಲ್ ಬ್ಯಾಂಕ್ಸ್ ಅವರ ಕಾದಂಬರಿ 'ದಿ ಸ್ವೀಟ್ ಹಿಯರಾಫ್ಟರ್'. ಸಣ್ಣ ಊರೊಂದರಲ್ಲಿ ಸ್ಕೂಲ್ ಬಸ್ ಅಪಘಾತವಾಗಿ ಮಕ್ಕಳು ಸಾಯುತ್ತಾರೆ. ಬಸ್ ಓಡಿಸುತ್ತಿದ್ದ ಹೆಂಗಸು, ಮಕ್ಕಳನ್ನು ಕಳೆದುಕೊಂಡ ಅಪ್ಪ, ಕೇಸ್ ಹಾಕಿಸಲು ಬಂದ ವಕೀಲ, ಬದುಕುಳಿದ ಹುಡುಗಿ, ಹೀಗೆ ನಾಲ್ಕು ಜನ ಕಥೆ ಹೇಳುತ್ತಾರೆ. ಯಾರ ಮಾತನ್ನೂ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

2001ರಲ್ಲಿ ಶಿಕಾಗೊ ಇದೇ ದಾರಿ ಹಿಡಿಯಿತು. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅಂತ ಮೊದಲೇ ತೀರ್ಮಾನವಾಗಿತ್ತು. ಓದುತ್ತಿರುವವರು ಒಬ್ಬರನ್ನೊಬ್ಬರು ಗುರುತಿಸಲಿ ಅಂತ ಅಂಗಿಗೆ ಚುಚ್ಚಿಕೊಳ್ಳುವ ಪಿನ್ ಕೂಡ ಹಂಚಿದ್ದರು. ಅಷ್ಟರಲ್ಲಿ ಸೆಪ್ಟೆಂಬರ್ 11ರ ಭಯೋತ್ಪಾದಕರ ವಿಮಾನ ದಾಳಿ ನಡೆಯಿತು. ಆ ಕಾದಂಬರಿಯಲ್ಲಿ ವಿಮಾನವೂ ಇಲ್ಲ, ಬಾಂಬೂ ಇಲ್ಲ. ಇರುವುದು, ಏನೂ ಮಾಡದವನನ್ನು ಮೈಬಣ್ಣ ನೋಡಿ ಅಪರಾಧಿ ಅಂತ ತೀರ್ಮಾನಿಸುವ ಊರು. ಸೆಪ್ಟೆಂಬರ್ 15ಕ್ಕೆ ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ಖರೊಬ್ಬರನ್ನು, ಪೇಟ ನೋಡಿ ದಾಳಿಕೋರರ ಕಡೆಯವರು ಅಂದುಕೊಂಡು, ಒಬ್ಬ ಗುಂಡಿಕ್ಕಿ ಕೊಂದ. ಆ ವಾರಗಳಲ್ಲಿ ಓದಲು ಇದಕ್ಕಿಂತ ಸರಿಯಾದ ಪುಸ್ತಕ ಹುಡುಕಿದರೂ ಸಿಗುತ್ತಿರಲಿಲ್ಲ.

ಎಲ್ಲ ಕಡೆ ಹೀಗೆ ಕೂಡಿಬರುವುದಿಲ್ಲ. 2002ರಲ್ಲಿ ನ್ಯೂಯಾರ್ಕ್ ಕೂಡ ಇಂಥ ಪ್ರಯತ್ನ ಮಾಡಿತು. ಎರಡು ಪುಸ್ತಕಗಳ ನಡುವೆ ಹಗ್ಗಜಗ್ಗಾಟವಾಗಿ ಒಮ್ಮತವೇ ಬರಲಿಲ್ಲ!

ಕಾದಂಬರಿಯೇ ಆಗಬೇಕು ಅಂತಲೂ ಇಲ್ಲ. 2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚ್‌ನಲ್ಲಿ ಬೈಬಲ್ ಓದಲು ಕೂತಿದ್ದವರ ಜೊತೆಯಲ್ಲೇ ಕೂತಿದ್ದವನು ಒಂಬತ್ತು ಕಪ್ಪು ಜನರನ್ನು ಕೊಂದ. ಸತ್ತವರಲ್ಲಿ 31 ವರ್ಷ ಗ್ರಂಥಪಾಲಕಿಯಾಗಿದ್ದ ಸಿಂಥಿಯಾ ಹರ್ಡ್ ಒಬ್ಬರು. ಅಲ್ಲಿ ಜನ ಕೇಳಿದ್ದು ಇತಿಹಾಸ. ಇತಿಹಾಸಕಾರ ಚಾಡ್ ವಿಲಿಯಮ್ಸ್ ಟ್ವಿಟರ್‌ನಲ್ಲಿ ಶುರುಮಾಡಿದ ಓದಿನ ಪಟ್ಟಿಗೆ ಇತರ ಇತಿಹಾಸಕಾರರು, ಗ್ರಂಥಪಾಲಕರು, ಓದುಗರು ಹೆಸರು ಸೇರಿಸುತ್ತಾ ಹೋದರು. ಮುಂದಿನ ವರ್ಷ ಅದು ಪುಸ್ತಕವಾಗಿಯೂ ಬಂತು. ಹತ್ಯೆಯ ಹಿಂದೆ ವರ್ಣದ್ವೇಷದಂಥ ಹಳೇ ಬೇರು ಇದ್ದರೆ ಕಥೆಯೊಂದೇ ಸಾಲದು ಅಂತ ನನ್ನ ಅನಿಸಿಕೆ.

ಚರ್ಚೆ ಜಗಳವಾಗದಿರಲು ಪುಸ್ತಕ ಚರ್ಚೆಗೆಂದೇ 1947ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ ಗ್ರೇಟ್ ಬುಕ್ಸ್ ಫೌಂಡೇಶನ್ನಿನ ನಿಯಮಗಳು ಈಗಲೂ ಉಪಯೋಗಕ್ಕೆ ಬರುತ್ತವೆ. ಓದಿ ಬಂದವರಿಗೆ ಮಾತ್ರ ಮಾತು. ಏನೇ ಹೇಳಿದರೂ ಪುಟ ತೋರಿಸಬೇಕು. ನಡೆಸಿಕೊಡುವವರು ಪ್ರಶ್ನೆ ಕೇಳಬೇಕೇ ಹೊರತು ತಮ್ಮ ಅಭಿಪ್ರಾಯ ಹೇರಬಾರದು. ಈ ಮೂರನೆಯದೇ ಕಷ್ಟ. ಮೈಕ್ ಕೈಗೆ ಬಂದರೆ ಭಾಷಣ ಮಾಡದೆ ಇರುವವರು ನಮ್ಮಲ್ಲಿ ಎಷ್ಟು ಜನ?

ನಿಮ್ಮ ಪಂಚಾಯಿತಿಯ ಲೈಬ್ರರಿಯಾದ ಅರಿವು ಕೇಂದ್ರದಲ್ಲಿ ಇದನ್ನು ಮಾಡುವುದಾದರೆ ಕಾದಂಬರಿ ಬೇಡ. ಎಲ್ಲರಿಗೂ ಸಾಕಾಗುವಷ್ಟು ಪ್ರತಿ ಸಿಗುವುದು ಕಷ್ಟ. ಹತ್ತು ಪುಟದೊಳಗಿನ ಒಂದು ಸಣ್ಣಕಥೆ ಆರಿಸಿ, ಒಬ್ಬರು ಗಟ್ಟಿಯಾಗಿ ಓದಲಿ. ಓದಿ ಬಂದಿಲ್ಲ ಅನ್ನುವ ಸಂಕೋಚವೂ ಇರುವುದಿಲ್ಲ, ಅಕ್ಷರ ಬಾರದ ಅಜ್ಜಿಯೂ ಬಂದು ಕೂರಬಹುದು.